ಸೀರೆ ಹಗ್ಗ

ನಮ್ಮ ನಾಯಿ ಯಾವ ಜಾತಿ ಎಂದು ಕೇಳಿದವರಿಗೆಲ್ಲ ನಾನು ‘ನಮ್ಮ ಮನೆ ಜಾತಿ’ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಕುಷಾಯಿಗೂಡದ ನಮ್ಮ ಕಾಲನಿಯಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಮೈಬಣ್ಣ ಹಳೇ ಗೋಣಿಚೀಲದ್ದು, ಒಂದು ಕಿವಿ ಅರ್ಧ ಹರಿದದ್ದು. ಅಂಥದಕ್ಕೆ ಕೊರಳಿಗೆ ಕೆಂಪು ಪಟ್ಟಿ ಕಟ್ಟಿ ಭಾನುವಾರ ಬೆಳಿಗ್ಗೆ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ಕಂಡರೆ ಮಂದಿಗೆ ನಗು. ಬೀದಿ ನಾಯಿಗೆ ನೌಕರಿ ಸಿಕ್ಕಿತೇ ಎಂದು ಮೇಲಿನ ಮನೆಯಾಕೆ ತೆಲುಗಿನಲ್ಲಿ ಕೇಳಿದಳು. ಸಿಕ್ಕಿದ್ದು ನೌಕರಿಯೇ, ಸಂಬಳ ಒಂದಿರಲಿಲ್ಲ. ಕುಸಿದ ಕಟ್ಟಡದ ಕೆಳಗೆ ಜೀವವಿರುವವರನ್ನು ಮೂಸಿ ಹುಡುಕುವುದು ಅವಳ ಕೆಲಸ. ಅವಳು ಎಂದೇ ಬರೆಯುತ್ತೇನೆ, ಅದು ಎಂದು ಬರೆದರೆ ನನ್ನ ಕೈ ನಡೆಯುವುದಿಲ್ಲ.

ನನ್ನ ಗಂಡ ಒಂದು ಸರ್ಕಾರಿ ಕಾರ್ಖಾನೆಯ ಬೆಂಕಿ ಮತ್ತು ಸುರಕ್ಷತೆಯ ವಿಭಾಗದಲ್ಲಿದ್ದರು. ಗದಗಿನಿಂದ ನಾನು ಮದುವೆಯಾಗಿ ಬಂದಾಗ ಹೈದರಾಬಾದು ಇಷ್ಟು ಅವಸರದ ಊರಾಗಿರಲಿಲ್ಲ. ಆಮೇಲೆ ಕಂಪ್ಯೂಟರ್ ಕಂಪನಿಗಳು ಬಂದವು. ಮಾದಾಪುರದ ಕಡೆ ಬಂಡೆ ಸಿಡಿಸಿ ಸಿಡಿಸಿ, ಹೋದ ತಿಂಗಳು ನೋಡಿದ ಗುಡ್ಡ ಈ ತಿಂಗಳು ಇರುತ್ತಿರಲಿಲ್ಲ. ಗಾಜು ಕೂರಿಸುವ ಗಡಿಬಿಡಿಯಲ್ಲಿ ಕಂಬಕ್ಕೆ ನೀರುಣಿಸುವ ವ್ಯವಧಾನವೂ ಇಲ್ಲ ಎಂದು ಇವರು ಊಟಕ್ಕೆ ಕೂತಾಗೆಲ್ಲ ಬೈಯುತ್ತಿದ್ದರು. ಅನ್ನದ ಮುಂದೆ ಕೂತು ಕಾಂಟ್ರಾಕ್ಟರನ್ನು ಬೈದರೆ ಅನ್ನಕ್ಕೇನು ರುಚಿ ಬಂತು ಎಂದು ನಾನು ಇವರನ್ನು ಬೈಯುತ್ತಿದ್ದೆ. ಆದರೆ ಇವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಲ್ಲೊಂದು ಸ್ಲ್ಯಾಬು, ಇಲ್ಲೊಂದು ಗೋಡೆ ಬೀಳುತ್ತಲೇ ಇತ್ತು.

ಬಿದ್ದಾಗ ಅಗ್ನಿಶಾಮಕದವರಿಗೆ ಕೈಜೋಡಿಸಲು ಓಡುವ ಸಣ್ಣದೊಂದು ಸ್ವಯಂಸೇವಕರ ಗುಂಪಿತ್ತು. ಇವರು ಅದರಲ್ಲಿದ್ದರು. ಗುಂಪಿನ ಹಿರಿಯರು ಬೆಳಗಾವಿ ಕಡೆಯ ಒಬ್ಬ ಸುಭೇದಾರರು. ಸೈನ್ಯದಲ್ಲಿ ನಾಯಿ ಪಳಗಿಸುತ್ತಿದ್ದವರು, ನಿವೃತ್ತರಾಗಿ ಬಾಲಾನಗರದ ಒಂದು ವರ್ಕ್‌ಶಾಪಿನ ಕಾವಲು ನೋಡಿಕೊಳ್ಳುತ್ತಿದ್ದರು. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅಣ್ಣಾರ ಎನ್ನುತ್ತಿದ್ದೆ. ದಿನಕ್ಕೊಂದು ಜಗಳವಿಲ್ಲದೆ ನಮ್ಮಿಬ್ಬರ ಮಾತು ಮುಗಿಯುತ್ತಿರಲಿಲ್ಲ.

ನಾಯಿ ಸಿಕ್ಕಿದ್ದು ಮಾದಾಪುರದ ಒಂದು ಪಾಯದ ಗುಂಡಿಯಲ್ಲಿ. ಬಂಡೆ ಸಿಡಿಸಿದ ಚೂರುಗಳ ನಡುವೆ ಮರಿಯೊಂದು ಸಿಕ್ಕಿಕೊಂಡು ಬೆಳಗಿನಿಂದ ಬೊಗಳುತ್ತಿತ್ತಂತೆ. ಕೆಲಸದವರು ಕಿವಿ ಕೊಡದೆ ಕಲ್ಲು ಸುರಿಯುತ್ತಲೇ ಇದ್ದರು. ಅಲ್ಲಿಗೆ ಯಾವುದೋ ತಪಾಸಣೆಗೆ ಹೋದ ಇವರೂ ಸುಭೇದಾರರೂ ಕೆಲಸ ನಿಲ್ಲಿಸಿ ಅದನ್ನು ಎತ್ತಿದರು. ಸಂಜೆ ಅಂಗಿಯೊಳಗೆ ಸುತ್ತಿಕೊಂಡು ಮನೆಗೆ ತಂದಾಗ ನಾನು ಬಾಗಿಲಲ್ಲೇ ತಡೆದೆ.

“ಇದನ್ನೇನು ಪೂಜಾ ಮಾಡಾಕ ತಂದೀರೇನು?” ಎಂದೆ.

ಹಿಂದೆ ನಿಂತಿದ್ದ ಸುಭೇದಾರರು ಹೇಳಿದರು: “ತಂಗಿ, ಇಷ್ಟೊತ್ತನ ಬೊಗಳಿ ಬೊಗಳಿ ದನಿ ಹೋಗೇತಿ, ಆದ್ರೂ ಬಿಟ್ಟಿಲ್ಲ. ಇಂಥಾ ಹಟ ಇದ್ದ ನಾಯಿ ಸಾವಿರಕ್ಕೊಂದು ಸಿಗೂದಿಲ್ಲ. ನಿನ್ನ ಜೋಡಿ ಆಕಿಗೆ ಭಾಳ ಚಲೋ ಹೊಂದತೈತಿ.”

ಬೈದರೋ ಹೊಗಳಿದರೋ ತಿಳಿಯುವಷ್ಟರಲ್ಲಿ ಮರಿ ನನ್ನ ಅಡುಗೆಮನೆಯಲ್ಲಿತ್ತು. ಹೆಸರಿಡಲು ಅವರು ಬಿಡಲಿಲ್ಲ. ಹೆಸರಿಟ್ಟರೆ ಓಣಿಯ ಮಂದಿಯೆಲ್ಲ ಸುಮ್ಮಸುಮ್ಮನೆ ಕರೆದು ಕೆಲಸದ ನಾಯಿಯನ್ನು ಕೆಡಿಸುತ್ತಾರೆ ಎಂದರು. ನಾನು ‘ನಮ್ಮಾಕಿ’ ಎನ್ನುತ್ತಿದ್ದೆ. ಅದಕ್ಕೇ ಕಿವಿ ನಿಮಿರಿಸುತ್ತಿದ್ದಳು.

ಕಲಿಸಿದ್ದು ಬಾಲಾನಗರದ ಒಂದು ಪಾಳುಬಿದ್ದ ಶೆಡ್ಡಿನ ಅಂಗಳದಲ್ಲಿ. ಮುರಿದ ಸಿಮೆಂಟ್ ಪೈಪು, ತುಕ್ಕು ಹಿಡಿದ ತಗಡು, ಇಟ್ಟಿಗೆ ರಾಶಿ. ಅದರೊಳಗೆ ಯಾರಾದರೂ ಅಡಗಬೇಕು, ನಾಯಿ ಹುಡುಕಿ ಬೊಗಳಬೇಕು. ಅಡಗುವ ಪಾಳಿ ನನ್ನದಾಯಿತು, ಏಕೆಂದರೆ ಗುಂಪಿನಲ್ಲಿ ಪೈಪಿನೊಳಗೆ ಹಿಡಿಸುವ ಗಾತ್ರ ನನ್ನೊಬ್ಬಳದೇ. ಹುಡುಕಿದ್ದಕ್ಕೆ ನಾಯಿಗೊಂದು ಇನಾಮು ಬೇಕಲ್ಲ, ತಿಂಡಿಯಲ್ಲ, ಎಳೆದಾಡಲು ಒಂದು ಹಗ್ಗ. ಗಟ್ಟಿ ಬಟ್ಟೆಯದಾಗಬೇಕು ಎಂದು ಸುಭೇದಾರರು ಹೇಳಿದ್ದೇ ತಡ, ಇವರು ನನ್ನನ್ನು ಒಂದು ಮಾತು ಕೇಳದೆ ಟ್ರಂಕಿನಿಂದ ನಮ್ಮವ್ವನ ಇಳಕಲ್ ಸೀರೆ ತೆಗೆದು ಹರಿದು ಹೊಸೆದುಬಿಟ್ಟರು. ಎರಡು ದಿನ ನಾನು ಇವರ ಜೊತೆ ಮಾತಾಡಲಿಲ್ಲ. ಹಳೇದಿತ್ತು, ಹರಿದಿತ್ತು ಎಂದರು. ನಮ್ಮವ್ವನೂ ಹಳಬಳೇ ಎಂದೆ.

ಆ ಹಗ್ಗಕ್ಕೆ ಒಂದು ಕಟ್ಟುನಿಟ್ಟಿತ್ತು. ಅಡಗಿದವರ ಕೈಯಲ್ಲೇ ಹಗ್ಗವಿರಬೇಕು, ಸಿಕ್ಕವರ ಕೈಯಿಂದಲೇ ನಾಯಿ ಅದನ್ನು ಇಸಿದುಕೊಳ್ಳಬೇಕು. ಬೇರೆ ಯಾರು ಕೊಟ್ಟರೂ ತೆಗೆದುಕೊಳ್ಳದ ಹಾಗೆ ಸುಭೇದಾರರು ತಿದ್ದಿದ್ದರು. ಮನುಷ್ಯ ಸಿಕ್ಕರೇ ಸಂತೋಷ, ಇಲ್ಲದಿದ್ದರೆ ಇಲ್ಲ ಎಂಬುದು ಅವಳ ಎಲುಬಿಗೆ ಇಳಿಯಬೇಕು ಎನ್ನುತ್ತಿದ್ದರು. ಇನ್ನೊಂದು, ನಾನು ಅಡಗಿದ ಜಾಗ ಯಾರಿಗೂ ಗೊತ್ತಿರಬಾರದು. ನಾಯಿಯನ್ನು ಬಿಡುವ ನನ್ನ ಗಂಡನಿಗಂತೂ ಕೂಡದು. ಕಡೆಗೆ ತಮಗೂ ಬೇಡ ಎಂದರು.

“ನನಗೂ ಹೇಳಬ್ಯಾಡ ತಂಗಿ. ನನ್ನ ಬಾಯಿ ಸುಮ್ನಿದ್ರೂ ಕಣ್ಣು ಹೇಳಿಬಿಡತಾವ. ನಾಯಿ ಮೂಗಿಗಿಂತ ಮೊದಲು ನಮ್ಮ ಕಣ್ಣು ನೋಡತೈತಿ.”

ಹೀಗೆ ನಾನು ಪೈಪಿನಲ್ಲಿ ಮೊಣಕಾಲು ಮಡಚಿ, ಎದೆಗೆ ಹಗ್ಗ ಅವುಚಿಕೊಂಡು ಕೂರುವುದು. ಮೊದಲು ಅವಳ ಉಸಿರು ಕೇಳುತ್ತಿತ್ತು, ಆಮೇಲೆ ಉಗುರು, ಆಮೇಲೆ ಸಂದಿಯಲ್ಲಿ ಒಂದು ಒದ್ದೆ ಮೂಗು. ಬೊಗಳಿ ಬೊಗಳಿ ಕಿವಿ ತೂತು ಮಾಡುತ್ತಿದ್ದಳು. ಹಗ್ಗ ಕೊಟ್ಟೊಡನೆ ಜೋತುಬಿದ್ದು, ಗುರುಗುಟ್ಟಿ, ಜೊಲ್ಲಿನಲ್ಲಿ ಅದ್ದಿಬಿಡುತ್ತಿದ್ದಳು. ಮನೆಗೆ ಬಂದು ಆ ಜೊಲ್ಲು ಹಗ್ಗ ತೊಳೆಯುವವಳೂ ನಾನೇ. ಇಳಕಲ್ಲಿನ ಕೆಂಪು ಬಿಟ್ಟುಕೊಂಡು ಬಕೆಟ್ಟಿನ ನೀರು ಕೆಂಪಾಗುತ್ತಿತ್ತು. ಬೈಯುತ್ತಲೇ ತೊಳೆಯುತ್ತಿದ್ದೆ. ನಿಜ ಹೇಳಬೇಕೆಂದರೆ, ಇಷ್ಟು ಸಂಭ್ರಮದಿಂದ ನನ್ನನ್ನು ಯಾರೂ ಎಂದೂ ಹುಡುಕಿರಲಿಲ್ಲ.

ಸುಭೇದಾರರ ಇನ್ನೊಂದು ಪದ್ಧತಿ ಹೇಳಬೇಕು. ಹಿಂದೆಲ್ಲೋ ಭೂಕಂಪವಾದಾಗ ಅವರ ಸೈನ್ಯದ ನಾಯಿಯೊಂದು ದಿನಗಟ್ಟಲೆ ಹೆಣಗಳನ್ನೇ ಕಂಡು, ಆಮೇಲೆ ಕೆಲಸ ಬಿಟ್ಟು ಮೂಲೆ ಸೇರಿ ಸತ್ತಿತಂತೆ. ಅದು ಅವರನ್ನು ಬಿಟ್ಟಿರಲಿಲ್ಲ. ಹಾಗಾಗಿ, ಕುಸಿದ ಜಾಗದಲ್ಲಿ ಜೀವಂತ ಯಾರೂ ಸಿಗದ ದಿನ, ಹೊರಡುವ ಮೊದಲು ನಮ್ಮವರೊಬ್ಬರು ಅಲ್ಲೇ ಅಡಗಿ, ಅವಳಿಗೆ ‘ಸಿಕ್ಕು’, ಹಗ್ಗ ಕೊಡಬೇಕು. ಬರಿಗೈಲಿ ನಾಯಿಯನ್ನು ಮನೆಗೆ ಕರೆದೊಯ್ಯಬಾರದು. ಆ ಮಾತು ಕೇಳಿದಾಗ ನನಗೆ ಆ ಒರಟು ಮನುಷ್ಯನ ಮೇಲೆ ಪ್ರೀತಿ ಉಕ್ಕಿತು.

ಅವಳು ಮೊದಲು ನಿಜವಾದ ಕೆಲಸಕ್ಕೆ ಹೋದದ್ದು ಬೇಗಂಪೇಟೆ ಕಡೆ, ಹಳೇ ಬಂಗಲೆ ಕೆಡವಿ ಆಫೀಸು ಕಟ್ಟುತ್ತಿದ್ದ ಜಾಗಕ್ಕೆ. ಅವತ್ತು ನನಗೆ ಜ್ವರ, ಹೋಗಲಾಗಲಿಲ್ಲ. ಸಂಜೆ ಇವರು ಬಂದು ಹೇಳಿದರು. ಅವಳು ಮಧ್ಯಾಹ್ನವೆಲ್ಲ ಹುಡುಕಿದಳಂತೆ. ಸತ್ತ ಇಬ್ಬರನ್ನು ಅಗ್ನಿಶಾಮಕದವರು ತೆಗೆದರು. ಇನ್ನು ಯಾರೂ ಇಲ್ಲ ಎಂದು ಮೇಸ್ತ್ರಿ ಹೇಳಿದ. ಆಗ ಪದ್ಧತಿಯಂತೆ ಸುಭೇದಾರರೇ ಅಡಗಿದರು. ಅವಳು ಗಳಿಗೆಯಲ್ಲಿ ಬೊಗಳಿದಳು, ಇವರು ಚಪ್ಪಾಳೆ ತಟ್ಟಿದರು, ಅವರು ಎದ್ದು ಬಂದರು.

“ಆದ್ರ ಹಗ್ಗ ಹಿಡೀಲಿಲ್ಲ ನೋಡು,” ಎಂದರು ಇವರು. “ಬೊಗಳಾಕತ್ತಿದ್ಲು. ಎಳಕೊಂಡು ಬರಬೇಕಾತು. ಭಾಳ ದಣದಾಳ.”

ಹಗ್ಗ ಮೊಳೆಗೆ ತೂಗುಹಾಕಿದರು. ಮುಟ್ಟಿ ನೋಡಿದೆ, ಗರಿಗರಿ ಒಣಗಿತ್ತು. ಸದ್ಯ, ಜ್ವರದಲ್ಲಿ ತೊಳೆಯುವ ಕೆಲಸ ತಪ್ಪಿತು ಎಂದುಕೊಂಡೆ. ಅವಳು ಮಾತ್ರ ಆ ವಾರ ಸರಿಯಾಗಿ ತಿನ್ನಲಿಲ್ಲ, ಬಾಗಿಲಿಗೆ ಮೂಗು ಹಚ್ಚಿ ಮಲಗುತ್ತಿದ್ದಳು. ಹೆಣದ ವಾಸನೆ ಮನಸ್ಸಿಗೆ ಹತ್ತಿದೆ ಎಂದರು ಸುಭೇದಾರರು. ನಾವು ನಂಬಿದೆವು. ಬಲ್ಲವರು ಹೇಳಿದ್ದನ್ನು ನಂಬದೆ ಏನು ಮಾಡುವುದು?

ಮುಂದಿನ ಮಳೆಗಾಲದಲ್ಲಿ ಮಾದಾಪುರದಲ್ಲಿ ಒಂದು ಕಟ್ಟಡದ ಸೆಂಟ್ರಿಂಗ್ ಜಾರಿ, ಆಗಷ್ಟೇ ಸುರಿದ ಸ್ಲ್ಯಾಬು ಕುಸಿಯಿತು. ಈ ಸಲ ನಾನೂ ಹೋದೆ. ಹಸಿ ಕಾಂಕ್ರೀಟು, ಬಾಗಿದ ಕಬ್ಬಿಣದ ಸರಳು, ಒಂದು ಮೂಲೆಯಲ್ಲಿ ಯಾರದೋ ಊಟದ ಡಬ್ಬಿ. ರಸ್ತೆಯ ಆಚೆ, ಮುಗಿದ ಕಟ್ಟಡದ ಗಾಜಿನ ಹಿಂದೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಅವರ ಮೇಲೆ ನನಗೆ ವಿನಾಕಾರಣ ಸಿಟ್ಟು ಬಂತು. ಅವರಾದರೂ ಏನು ಮಾಡಿಯಾರು ಪಾಪ.

ಸತ್ತವರನ್ನು ತೆಗೆದರು. ಗಾಯಗೊಂಡವರನ್ನು ಆಸ್ಪತ್ರೆಗೆ ಕಳಿಸಿದರು. ನಮ್ಮಾಕಿ ರಾಶಿಯ ಮೇಲೆ ಓಡಾಡಿ, ಒಂದು ಕಡೆಯೂ ಬೊಗಳದೆ ಬಾಲ ತಗ್ಗಿಸಿ ಬಂದಳು. ಎಲ್ಲೆಲ್ಲೂ ಜನರ ಕೂಗಾಟ, ಪಂಪು, ಕಟ್ಟರ್ ಯಂತ್ರದ ಹೊಗೆ. ಆ ಗದ್ದಲದಲ್ಲಿ ಯಾವ ಮೂಗು ತಾನೇ ಕೆಲಸ ಮಾಡೀತು? ಸೈಟಿನ ಎಂಜಿನಿಯರು ತನ್ನ ಆಳುಗಳೆಲ್ಲ ಸಿಕ್ಕರು ಎಂದ. ಯಂತ್ರಗಳು ನಿಂತವು, ಜನ ಚದುರಿದರು. ಅವಶೇಷ ಬಾಚಲು ಜೆಸಿಬಿ ಬಂದು ಗೇಟಿನಲ್ಲಿ ನಿಂತಿತು.

“ತಂಗಿ, ನೀ ಅಡಗು. ಐದು ನಿಮಿಷದ ಕೆಲಸ. ಆಕಿ ಮಾರಿ ನೋಡು, ಸಣ್ಣಗಾಗೇತಿ,” ಎಂದರು ಸುಭೇದಾರರು.

ನಾನು ಗೇಟಿನ ಹತ್ತಿರ, ವಾಚ್‌ಮನ್ನನ ತಗಡಿನ ಗುಡಿಸಲ ಪಕ್ಕ ಒಟ್ಟಿದ್ದ ಸೆಂಟ್ರಿಂಗ್ ಹಲಗೆಗಳ ಹಿಂದೆ ಕೂತೆ. ಎಂದಿನಂತೆ ಯಾರಿಗೂ ಹೇಳಲಿಲ್ಲ. ಸೊಳ್ಳೆ ಕಾಟ, ಮೊಣಕಾಲು ನೋವು, ಎದುರುಗಾಳಿಗೆ ಕಣ್ಣ ತುಂಬ ಸಿಮೆಂಟ್ ಧೂಳು. ಇವರ ಸೀಟಿ ಕೇಳಿತು. ಉಸಿರು ಕೇಳೀತು, ಉಗುರು ಕೇಳೀತು ಎಂದು ಕಾದೆ. ಕೇಳಲಿಲ್ಲ. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಅವಳ ಬೊಗಳು, ಅದರ ಬೆನ್ನಿಗೆ ಇವರ ಚಪ್ಪಾಳೆ.

“ಶಾಬ್ಬಾಸ್! ಸಿಕ್ಕಳು! ಬಾ ಹೊರಗ, ಹಗ್ಗ ಕೊಡು!” ಸುಭೇದಾರರ ದನಿ.

ನನಗೆ ಮೈ ಉರಿದುಹೋಯಿತು. ಕೂತಿದ್ದು ನಾನು, ಸಿಕ್ಕವಳು ನಾನಲ್ಲ, ಇವರದೇನು ಚಪ್ಪಾಳೆ? ಹಲಗೆ ಸರಿಸಿ ಎದ್ದೆ. ನೋಡುತ್ತೇನೆ, ಅವಳು ಜಾಗದ ಆ ತುದಿಯಲ್ಲಿ, ಮುರಿದ ಮೆಟ್ಟಿಲ ಬುಡದಲ್ಲಿ ಮುಂಗಾಲಿಂದ ಕೆರೆಯುತ್ತ ಬೊಗಳುತ್ತಿದ್ದಾಳೆ. ಅವರಿಬ್ಬರೂ ಅತ್ತ ಕಡೆ ಮುಖ ಮಾಡಿ, ನಾನು ಆ ಮೆಟ್ಟಿಲ ಕೆಳಗಿಂದ ಬರುತ್ತೇನೆಂದು ನಗುತ್ತ ನಿಂತಿದ್ದಾರೆ.

“ನಾ ಇಲ್ಲೇ ಅದೀನಿ!” ಎಂದು ಕಿರುಚಿದೆ. “ಆಕಿ ನನ್ನ ಹತ್ರ ಬಂದೇ ಇಲ್ಲ!”

ಇಬ್ಬರೂ ತಿರುಗಿದರು. ನಾನು ರಾಶಿ ದಾಟಿ ಓಡಿದೆ, ಸೀರೆ ಸರಳಿಗೆ ಸಿಕ್ಕಿ ಹರಿಯಿತು. ಅವಳ ಮುಂದೆ ಹಗ್ಗ ಹಿಡಿದೆ. ಒಂದು ಸಲ ನೋಡಿದಳು, ಮುಖ ತಿರುಗಿಸಿ ಮತ್ತೆ ಕೆರೆಯತೊಡಗಿದಳು.

“ಗಾಳಿಗೆ ನಿನ್ನ ವಾಸನಿ ಇತ್ಲಾಗ ಬಂದಿರತೈತಿ ತಂಗಿ,” ಎಂದರು ಸುಭೇದಾರರು. “ಹಂಗ ಆಗತಿರತೈತಿ. ದಣದಾಳ.”

“ಅಣ್ಣಾರ, ಗಾಳಿ ಇತ್ಲಾಗಿಂದ ಅತ್ಲಾಗ ಬೀಸಾಕತ್ತೈತಿ. ನನ್ನ ಕಣ್ಣು ನೋಡ್ರಿ, ಧೂಳು ತುಂಬಿ ಕೆಂಪಾಗ್ಯಾವ. ನನ್ನ ವಾಸನಿ ಹೆಂಗ ಬಂತು ಇಲ್ಲಿಗೆ?”

ಅವರು ನನ್ನ ಕಣ್ಣು ನೋಡಿದರು. ಬಗ್ಗಿ ಒಂದು ಹಿಡಿ ಧೂಳು ತೆಗೆದು ಎತ್ತರದಿಂದ ಬಿಟ್ಟರು. ಅದು ಅವಳ ಕಡೆಯಿಂದ ಗೇಟಿನ ಕಡೆಗೆ ಹಾರಿಹೋಯಿತು. ಆ ಮನುಷ್ಯನ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಆಗ ಅದರ ಪೂರಾ ಅರ್ಥ ನನಗಾಗಲಿಲ್ಲ.

ಎಂಜಿನಿಯರು ಬಂದು, ಒಳಗೆ ಯಾರೂ ಇಲ್ಲ, ಹೆಸರು ಕೂಗಿ ನೋಡಿದ್ದೇವೆ, ಬೀದಿ ನಾಯಿ ಇಲಿ ಕಂಡು ಬೊಗಳುತ್ತಿರಬೇಕು ಎಂದು ಹಿಂದಿಯಲ್ಲಿ ಹೇಳಿದ. ಜೆಸಿಬಿ ಗುಡುಗುಟ್ಟುತ್ತ ಒಳಗೆ ಬಂತು. ಸುಭೇದಾರರು ಹೋಗಿ ಅದರ ಬಕೆಟ್ಟಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ನಾನು ಎಂಜಿನಿಯರಿಗೆ ನನಗೆ ಬರುವ ಮೂರೂ ಭಾಷೆಯಲ್ಲಿ ಬೈದೆ. ನನ್ನ ಗಂಡ ಆಗಲೇ ಕೈಯಿಂದ ಇಟ್ಟಿಗೆ ತೆಗೆಯುತ್ತಿದ್ದರು. ಹೋಗುತ್ತಿದ್ದ ಅಗ್ನಿಶಾಮಕದವರು ಮರಳಿ ಬಂದರು.

ಮೆಟ್ಟಿಲ ಕೆಳಗಿನ ಪೊಳ್ಳಿನಲ್ಲಿ ಒಬ್ಬ ಮುದುಕಿ ಇದ್ದಳು. ಆ ಸೈಟಿನ ಕೂಲಿಯವಳಲ್ಲ. ಕಬ್ಬಿಣದ ತುಂಡು, ತಂತಿ ಆಯ್ದುಕೊಂಡು ಹೋಗುವ ಚಿಂದಿಯವಳು. ಅವಳ ಹೆಸರನ್ನು ಕೂಗುವವರು ಯಾರಿದ್ದರು? ಕಾಲು ಮುರಿದಿತ್ತು, ಬಾಯಲ್ಲಿ ಧೂಳು, ಆದರೆ ಜೀವವಿತ್ತು. ಹೊರಗೆ ತಂದಾಗ ಅವಳು ಮೊದಲು ಕೇಳಿದ್ದು “ನಾ ಸಂಚಿ ಏದಿ?” ಎಂದು. ತನ್ನ ಚೀಲ ಎಲ್ಲಿ ಎಂದು.

ಸ್ಟ್ರೆಚರಿನ ಮೇಲೆ ಮಲಗಿಸುವಾಗ ನನಗೇನನ್ನಿಸಿತೋ, ಹಗ್ಗವನ್ನು ಅವಳ ಕೈಯಲ್ಲಿಟ್ಟು, ಹಿಡಿದುಕೊಳ್ಳಮ್ಮ ಎಂದು ತೆಲುಗಿನಲ್ಲಿ ಬೇಡಿಕೊಂಡೆ. ಏಕೆಂದು ಅವಳಿಗೆ ತಿಳಿಯಲಿಲ್ಲ, ಆದರೂ ಹಿಡಿದಳು. ನಮ್ಮಾಕಿ ಮೆಲ್ಲಗೆ ಬಂದು ಆ ಕೈ ಮೂಸಿ, ಹಗ್ಗವನ್ನು ಬಾಯಲ್ಲಿ ತೆಗೆದುಕೊಂಡಳು. ಎಳೆದಾಡಲಿಲ್ಲ. ನಾನು ಅಲ್ಲೇ ಎಲ್ಲರ ಮುಂದೆ ಗೊಳೋ ಎಂದು ಅತ್ತೆ.

ಆಮೇಲೂ ಅವಳು ಬಹಳ ವರ್ಷ ಕೆಲಸ ಮಾಡಿದಳು. ಹಿಂಗಾಲು ಸೋಲುವವರೆಗೂ ಕರೆ ಬಂದಲ್ಲಿಗೆಲ್ಲ ಹೋದಳು, ಇನ್ನೂ ಕೆಲವರು ಅವಳಿಂದ ಬದುಕಿದರು. ಮೇಲಿನ ಮನೆಯಾಕೆ ಅವಳಿಗೆ ಹಾಲು ತಂದಿಡುವಷ್ಟು ಬದಲಾದಳು. ಕುಸಿದ ಜಾಗದಲ್ಲಿ ನಮ್ಮವರು ಅಡಗುವ ಪದ್ಧತಿ ಮಾತ್ರ ಅವತ್ತಿಗೇ ನಿಂತಿತು. ಆ ಆಟ ಬೇಕಿದ್ದರೆ ಬಾಲಾನಗರಕ್ಕೆ ಬಂದು ಆಡಿಸುತ್ತಿದ್ದೆವು. ಇದನ್ನೆಲ್ಲ ಹೇಳಿ ಮುಗಿಸಿದರೆ ಒಳ್ಳೆಯ ಕಥೆಯಾಗುತ್ತಿತ್ತು. ಆದರೆ ಅವತ್ತು ವ್ಯಾನಿನಲ್ಲಿ ಆದ ಮಾತು ಬಾಕಿ ಇದೆ. ಸುಭೇದಾರರು ಈಗಿಲ್ಲ. ಅವರಿರುವವರೆಗೆ ನಾನು ಇದನ್ನು ಬರೆಯುವಂತಿರಲಿಲ್ಲ.

ಮಾದಾಪುರದಿಂದ ಹೊರಟ ವ್ಯಾನು ಬೇಗಂಪೇಟೆ ಮುಟ್ಟಿತು. ನಮ್ಮಾಕಿ ನನ್ನ ಕಾಲ ಮೇಲೆ ಹಗ್ಗ ಕಚ್ಚಿಕೊಂಡು ಮಲಗಿದ್ದಳು. ಹಳೇ ಬಂಗಲೆಯ ಆ ಜಾಗ ಬಂತು. ಅಲ್ಲಿ ಈಗ ಆಫೀಸು ಎದ್ದಿತ್ತು, ಕೆಳಗಿನ ಅಂತಸ್ತಿನಲ್ಲಿ ದೀಪ ಹಾಕಿದ್ದರು. ಅವರು ಅದನ್ನು ನೋಡಿ ಮುಖ ತಿರುಗಿಸಿದರು.

“ಅವತ್ತು ನನ್ನ ಹತ್ರಾನೂ ಬಂದಿರಲಿಲ್ಲ ತಂಗಿ,” ಎಂದರು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. “ನಾ ಕಾರಿನ ಶೆಡ್ಡಿನಾಗ ಅಡಗಿದ್ದೆ. ಆಕಿ ಹಿತ್ತಲ ಕಡೆ ಬೊಗಳಿದ್ಲು. ಚಪ್ಪಾಳಿ ಕೇಳಿ ಎದ್ದು ಬಂದೆ. ಗಾಳಿಗೆ ವಾಸನಿ ಹೋಗಿರಬೇಕು ಅನಕೊಂಡೆ. ಮರುದಿನ ಮಷೀನು ಬಂದು ಎಲ್ಲಾ ಬಾಚಿ ಲಾರಿಗೆ ತುಂಬ್ಯಾರ.”

ನನ್ನ ಗಂಡ ಕಿಟಕಿಯಾಚೆ ನೋಡುತ್ತಿದ್ದರು.

“ಅಲ್ಲಿ ಹಗ್ಗ ಹಿಡೀಲಿಲ್ಲ, ಖರೆ,” ಸುಭೇದಾರರು ಮತ್ತೆ ಅಂದರು. “ಆದ್ರ ವ್ಯಾನಿನಾಗ ಆಕಿ ಕಾಲಾಗ ಒಗದಿದ್ದೆ. ದಾರ್ಯಾಗ ಕಡದಿರತಾಳ, ಹೌದಿಲ್ಲೋ? ಯಾರರ ಒಳಗ ಉಳದಿದ್ರ ಆಕಿ ಹಗ್ಗ ಮುಟ್ಟತಿದ್ದಿಲ್ಲ. ನೀನ ತೊಳೀತಿದ್ದಿ. ಮನಿಗೆ ಬಂದಾಗ ಅದು ಹಸೀ ಇತ್ತೇನು ತಂಗಿ?”

ಗಂಡ ತಿರುಗಿ ನನ್ನನ್ನು ನೋಡಿದರು. ಅದನ್ನು ಮೊಳೆಗೆ ಹಾಕಿದವರು ಅವರೇ. ಮುಟ್ಟಿ ನೋಡಿದವಳು ನಾನು. ಗೇಟಿನಲ್ಲಿ ಇಡೀ ಸೈಟಿಗೇ ಕೇಳುವಂತೆ ನಿಜ ಕೂಗಿದವಳೂ ನಾನೇ.

“ಹಸೀ ಇತ್ತರಿ ಅಣ್ಣಾರ,” ಎಂದೆ. “ಜೊಲ್ಲು ಸೋರಾಕತ್ತಿತ್ತು. ಜ್ವರದಾಗೂ ನಾನ ತೊಳದೆ.”

ಅವರು ತಲೆ ಆಡಿಸಿದರು. ಬಾಲಾನಗರದಲ್ಲಿ ಇಳಿಯುವಾಗ ಅವಳ ಹರಿದ ಕಿವಿಯನ್ನು ಒಮ್ಮೆ ಸವರಿ, ಹಿಂದೆ ನೋಡದೆ ನಡೆದುಹೋದರು. ನಂಬಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಮನೆಗೆ ಬಂದು, ಅವಳ ಬಾಯಿಂದ ಹಗ್ಗ ಬಿಡಿಸಿಕೊಂಡು ಬಕೆಟ್ಟಿಗೆ ಹಾಕಿದೆ. ಅವತ್ತು ಅದು ನಿಜಕ್ಕೂ ಹಸಿಯಾಗಿತ್ತು.